ಮಾಳೋಜನ ಮೂವತ್ತೇಳು ಕೊಡಲಿಗಳು

ಅಜ್ಜನ ಅಜ್ಜನಿಗೂ ನೆನಪಿಲ್ಲದ ಕಾಲದಲ್ಲಿ ಇಂಗಳಗಿರಿ ಎಂಬ ರಾಜ್ಯವಿತ್ತು. ಅದನ್ನು ಜಾಕಲೆ ಎಂಬ ರಾಣಿ ಆಳುತ್ತಿದ್ದಳು. ರಾಜ್ಯದ ಮೂಡಣಕ್ಕೆ ದೊಡ್ಡ ಕಾಡು. ಒಂದು ದಿನ ಆ ಕಾಡಿಗೆ ಮರಮೋರೆ ಎಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನ ಮುಖ ಹಳೇ ಮರದ ತೊಗಟೆಯಂತೆ ಒಡೆದಿತ್ತು.

ಅವನು ಬಂದಂದಿನಿಂದ ಕೊಡಲಿ ಹಿಡಿದು ಕಾಡಿಗೆ ಹೋದವರು ಮರಳಿ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವರ ಕೊಡಲಿ ಮಾತ್ರ ಕಾಡಿನಂಚಿನ ಹುಲ್ಲಿನಲ್ಲಿ ಬಿದ್ದಿರುತ್ತಿತ್ತು. ಅದಕ್ಕೆ ನೂರು ವರ್ಷದ ತುಕ್ಕು ಹಿಡಿದಿರುತ್ತಿತ್ತು. ಅದರ ಕಾವು, ಅಂದರೆ ಮರದ ಹಿಡಿ, ಮುಟ್ಟಿದರೆ ಪುಡಿಯಾಗುತ್ತಿತ್ತು.

ರಾಣಿ ಸೈನ್ಯ ಕಳಿಸಿದಳು. ಸೈನಿಕರ ಕೈಯಲ್ಲಿದ್ದದ್ದು ಕತ್ತಿ. ಕೊಡಲಿ ಇಲ್ಲದವರಿಗೆ ಆ ಕಾಡು ದಾರಿಯನ್ನೇ ಬಿಡಲಿಲ್ಲ. ಮೂರು ದಿನ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದರು. ಕೊನೆಗೆ ಯಾರೂ ಕಾಡಿಗೆ ಹೋಗಕೂಡದೆಂದು ರಾಣಿ ಡಂಗುರ ಸಾರಿಸಿದಳು. ಮುರಿದ ನೇಗಿಲು ಮುರಿದಂತೆಯೇ ಉಳಿಯಿತು. ಸತ್ತವರನ್ನು ಸುಡಲು ಸೌದೆಯಿಲ್ಲದೆ ಜನ ಬಾಗಿಲು ಕಿತ್ತು ಒಯ್ದರು.

ಆ ಕಾಡಿನಂಚಿನ ಊರಲ್ಲಿ ಬೀರೋಜ ಎಂಬ ಕಮ್ಮಾರನಿದ್ದ. ಅವನ ಮಗ ಮಾಳೋಜ. ಹೊಸದು ಬಡಿಯುವುದು ಮಾಳೋಜನಿಗೆ ಅಷ್ಟಾಗಿ ಒಗ್ಗಲಿಲ್ಲ. ಹಳೆಯದನ್ನು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಎಲ್ಲರೂ ಹೆದರಿ ದೂರ ನಿಂತ ಆ ತುಕ್ಕು ಕೊಡಲಿಗಳನ್ನು ಅವನು ಒಂದೊಂದಾಗಿ ಹೆಕ್ಕಿ ತಂದ.

"ಕಮ್ಮಾರನ ಮಗ ಕಸ ಆಯ್ತಾನೆ ಅಂತ ಊರೆಲ್ಲ ಆಡ್ಕೊಳ್ತದೆ ಕಣೋ" ಎಂದ ಬೀರೋಜ.

"ಕಬ್ಬಿಣ ಕಸ ಆಗಲ್ಲಪ್ಪ. ಮೇಲಿನ ಒಂದು ಪದರ ಕೆಟ್ಟಿರ್ತದೆ, ಅಷ್ಟೆ" ಎಂದ ಮಾಳೋಜ.

ಅವನು ಕೊಡಲಿಗಳನ್ನು ಹುಣಸೆಹುಳಿಯಲ್ಲಿ ನೆನೆಹಾಕಿದ. ಇಟ್ಟಿಗೆಪುಡಿ ಹಾಕಿ ಉಜ್ಜಿದ. ಸಾಣೆಕಲ್ಲಿಗೆ ಹಿಡಿದು ಬಾಯಿ ಹರಿತಮಾಡಿದ. ಮನೆಯ ಹಿಂದಿದ್ದ ಒಂದೇ ಜಾಲಿಮರ ಕಡಿದು ಹೊಸ ಕಾವು ಕೆತ್ತಿ, ಬೆಣೆ ಬಡಿದು ಕೂರಿಸಿದ. ದೊಡ್ಡ ಕೊಡಲಿ, ಕೈಗೊಡಲಿ ಎಲ್ಲ ಸೇರಿ ಮೂವತ್ತೇಳಾದವು. ಅವನ್ನು ಗೋಡೆಗೆ ತೂಗುಹಾಕಿದ. ಬೆಳಗಾಗುವಷ್ಟರಲ್ಲಿ ಮೂವತ್ತೇಳೂ ತಾವಾಗಿಯೇ ತಿರುಗಿ ಮೂಡಣಕ್ಕೆ ಬಾಯಿ ಮಾಡಿ ನಿಂತಿದ್ದವು. ಸರಿಮಾಡಿ ಇಟ್ಟರೆ ಮತ್ತೆ ತಿರುಗುತ್ತಿದ್ದವು.

ಸುದ್ದಿ ಕೇಳಿ ಸೌದೆಗೇರಿಯ ಬೊಮ್ಮಕ್ಕ ಬಂದಳು. ಸೌದೆ ಕಡಿಯುವವರಿಗೆಲ್ಲ ದಿನವೂ ಕಾಡಿಗೆ ಅಂಬಲಿ ಹೊತ್ತು ಕೊಡುತ್ತಿದ್ದವಳು ಅವಳೇ. ಕಾಣೆಯಾದವರಲ್ಲಿ ಅವಳ ಗಂಡನೂ ಇದ್ದ, ಗಂಡನ ಜೊತೆ ಒಂದೇ ದಿನ ಹುಟ್ಟಿದ ಮೈದುನನೂ ಇದ್ದ. ಅವಳು ಗೋಡೆಯ ಮೇಲಿನ ಒಂದು ಜೋಡಿ ಕೊಡಲಿಗಳ ಮುಂದೆ ನಿಂತಳು.

"ಇವೆರಡೂ ನಮ್ಮನೆಯವು" ಎಂದಳು. ಅವು ಮೂಡಣಕ್ಕೆ ಬಾಯಿ ಮಾಡಿರುವುದನ್ನು ನೋಡಿದಳು. ಆಮೇಲೆ, "ಇವು ಒಡೆಯರನ್ನ ಹುಡುಕ್ತಾ ಇವೆ ತಮ್ಮಾ. ನೀನು ಹೊರು, ನಾನೂ ಹೊರ್ತೀನಿ. ಹೋಗೋಣ ನಡಿ" ಎಂದಳು.

ಮಾಳೋಜ ಕೊಡಲಿಗಳನ್ನು ಎರಡು ಹೊರೆ ಕಟ್ಟಿದ. ಸುತ್ತಿಗೆ, ಅರ, ಸಾಣೆಕಲ್ಲು ಜೋಳಿಗೆಗೆ ಹಾಕಿಕೊಂಡ. ಬೊಮ್ಮಕ್ಕ ಬುತ್ತಿ ಕಟ್ಟಿ, ದೀಪಕ್ಕೆಂದು ಒಂದು ಸೋರೆಬುರುಡೆ ಹರಳೆಣ್ಣೆ ಇಟ್ಟುಕೊಂಡಳು. ಇಬ್ಬರೂ ಹೊರಟರು. ಕೊಡಲಿ ಕಂಡ ಕಾಡು ದಾರಿ ಬಿಟ್ಟಿತು.

ಮೊದಲನೆಯ ದಿನ ದಾರಿಗೆ ಅಡ್ಡವಾಗಿ ಒಂದು ಕರಡಿ ಕೂತಿತ್ತು. ಅದು ಕಬ್ಬಿಣ ತಿನ್ನುವ ಕರಡಿ.

"ಒಂದು ಕೊಡಲಿ ಕೊಟ್ಟು ಮುಂದೆ ಹೋಗಿ. ಇಷ್ಟೊಂದರಲ್ಲಿ ಒಂದು ಹೋದರೆ ಏನು?" ಎಂದಿತು.

ಬೊಮ್ಮಕ್ಕ ಹೊರೆಯನ್ನು ಬಿಗಿಯಾಗಿ ಹಿಡಿದಳು. "ಯಾವುದನ್ನ ಕೊಡೋದು? ಯಾರ ಮನೆಯದನ್ನ ಕೊಡೋದು?"

ಮಾಳೋಜ ಜೋಳಿಗೆಗೆ ಕೈಹಾಕಿ ತನ್ನ ಸುತ್ತಿಗೆ ಕೊಟ್ಟ. ಕರಡಿ ಕಟಕಟ ಅಗಿದು ನುಂಗಿ ಇನ್ನೂ ಬೇಕೆಂದಿತು. ಅರ ಕೊಟ್ಟ. ಅದನ್ನೂ ತಿಂದಿತು. ಸಾಣೆಕಲ್ಲು ತೋರಿಸಿದರೆ ಮೂತಿ ತಿರುಗಿಸಿತು. ತೇಗಿ, ಎದ್ದು ದಾರಿ ಬಿಟ್ಟಿತು.

ಎರಡನೆಯ ದಿನ ಹಳ್ಳದ ದಂಡೆಯಲ್ಲಿ ಒಂದು ಕೆಂಪು ಹಾವು ಹೆಡೆಯೆತ್ತಿತು. ಅದು ಒಮ್ಮೆ ಉಸಿರು ಬಿಟ್ಟದ್ದೇ ತಡ, ಮೂವತ್ತೇಳು ಕೊಡಲಿಗಳಿಗೂ ಮೊದಲಿನಂತೆ ತುಕ್ಕು ಹಿಡಿಯಿತು. "ಇನ್ನು ಮನೆಗೆ ಹೋಗಿ" ಎಂದಿತು ಹಾವು.

ಮಾಳೋಜ ಹೋಗಲಿಲ್ಲ. ಹಳ್ಳದ ಮರಳು ತಂದ, ಕಾಡುನಿಂಬೆ ಕಿತ್ತ, ಕೂತು ಉಜ್ಜತೊಡಗಿದ. ಒಂದು ಕೊಡಲಿ ಹೊಳೆಯಿತು. ಹಾವು ಉಸಿರು ಬಿಟ್ಟಿತು. ಮತ್ತೆ ತುಕ್ಕು. ಮತ್ತೆ ಉಜ್ಜಿದ. ಮತ್ತೆ ತುಕ್ಕು. ಮೂರನೆಯ ಸಲ ಉಜ್ಜಿದ ಕೂಡಲೇ ಬೊಮ್ಮಕ್ಕ ಅದನ್ನು ಕಸಿದುಕೊಂಡು, ಬುರುಡೆಯ ಎಣ್ಣೆ ಸುರಿದು, ಸೆರಗಿನಿಂದ ಒರೆಸಿದಳು. ಹಾವು ಊದಿತು. ತುಕ್ಕು ಹಿಡಿಯಲಿಲ್ಲ.

ಅವನು ಉಜ್ಜಿದ, ಅವಳು ಎಣ್ಣೆ ಹಚ್ಚಿದಳು. ಹಾವು ಊದಿ ಊದಿ ಮೈಯೆಲ್ಲ ಬತ್ತಿ ಹಗ್ಗದ ತುಂಡಿನಂತಾಯಿತು. "ಎಣ್ಣೆಯ ಮೇಲೆ ನನ್ನ ವಿದ್ಯೆ ನಡೆಯೋದಿಲ್ಲ" ಎಂದು ಬಿಲಕ್ಕೆ ಹೋಯಿತು. ಮೂವತ್ತೇಳೂ ಮುಗಿಯುವಾಗ ಮಾಳೋಜನ ಬೆರಳುಗಳಲ್ಲಿ ಉಗುರು ಉಳಿದಿರಲಿಲ್ಲ.

ಮೂರನೆಯ ದಿನ ಅವರು ಒಂದು ಬಯಲಿಗೆ ಬಂದರು. ಅಲ್ಲಿ ಮೂವತ್ತೇಳು ಮರಗಳಿದ್ದವು. ನಡುವೆ ಮರಮೋರೆ ಕೂತಿದ್ದ.

"ಇವರನ್ನ ಬಿಡಿಸೋದು ಹೇಗೆ?" ಎಂದು ಬೊಮ್ಮಕ್ಕ ನೇರವಾಗಿ ಕೇಳಿದಳು.

ಕಟ್ಟಿದ ಮಂತ್ರದ ಗುಟ್ಟನ್ನು ಎದುರು ನಿಂತು ಕೇಳಿದವರಿಗೆ ಹೇಳಲೇಬೇಕು. ಮಾಂತ್ರಿಕರಿಗೆ ಆ ಕಟ್ಟಳೆಯಿತ್ತು. ಮರಮೋರೆ ಹೇಳಿದ: "ಒಂದೊಂದು ಮರದಲ್ಲಿ ಒಬ್ಬೊಬ್ಬನಿದ್ದಾನೆ. ಅವನ ಕೊಡಲಿಯಿಂದಲೇ ಒಂದು ಏಟು ಹಾಕಿದರೆ ಮರ ಬಿರಿದು ಹೊರಗೆ ಬರುತ್ತಾನೆ. ಬೇರೆಯವನ ಕೊಡಲಿ ತಾಗಿದರೆ ಸಾಯುತ್ತಾನೆ. ಆಗ ಹೊಡೆದವರು ಅವನ ಜಾಗದಲ್ಲಿ ಮರವಾಗುತ್ತಾರೆ. ಒಂದು ಕೊಡಲಿಗೆ ಒಬ್ಬನೇ ಒಡೆಯ. ನಾನು ಉಸಿರಾಡುವುದೇ ಆ ಮಾತಿನ ಬಲದಿಂದ."

ಮಾಳೋಜ ಹೊರೆ ಬಿಚ್ಚಿದ. ಒಂದು ಕೊಡಲಿ ಎತ್ತಿ ನೋಡಿದ. "ಅಕ್ಕಾ, ಇದರ ಹಿಂಬದಿ ಜಜ್ಜಿಹೋಗಿದೆ. ಬೆಣೆ ಹೊಡೆದು ದಿಮ್ಮಿ ಸೀಳೋನು ಇದರ ಒಡೆಯ."

"ಹಂಗಾದರೆ ದುಗ್ಗಯ್ಯ. ಅವನ ಬಲಗಾಲು ಸೊಟ್ಟ. ಅಗೋ, ಆ ಬುಡ ಬಾಗಿರೋ ಮರ."

ಮಾಳೋಜ ಹೊಡೆದ. ಮರ ಬಿರಿಯಿತು. ದುಗ್ಗಯ್ಯ ಕುಂಟುತ್ತ ಹೊರಗೆ ಬಂದು, "ಅಂಬಲಿ ತಂದ್ಯಾ ಬೊಮ್ಮಕ್ಕಾ?" ಎಂದ.

"ಇದರ ಬಾಯಿ ಎಡಕ್ಕೆ ಸವೆದಿದೆ" ಎಂದ ಮಾಳೋಜ.

"ಎಡಚ ಅಂದರೆ ಕಲ್ಲಪ್ಪ. ಅವನ ಎಡತೋಳು ದಪ್ಪ. ಕೊಂಬೆ ನೋಡು."

ಹೀಗೆ ಅವನು ಕೊಡಲಿ ಓದಿದ, ಅವಳು ಮನುಷ್ಯರನ್ನು ಹೇಳಿದಳು. ಮೂವತ್ತೈದು ಮರ ಬಿರಿದವು, ಮೂವತ್ತೈದು ಜನ ಬಂದರು. ಎರಡು ಕೊಡಲಿ ಉಳಿದವು, ಎರಡು ಮರ ಉಳಿದವು. ಕೊಡಲಿಗಳೂ ಒಂದೇ ಥರ, ಮರಗಳೂ ಒಂದೇ ಥರ.

ಮಾಳೋಜ ಅವನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನ ಮುಖ ಸಪ್ಪಗಾಯಿತು.

"ಅಕ್ಕಾ, ತಪ್ಪು ನನ್ನದು. ಇವುಗಳಲ್ಲಿ ಒಂದರ ಮೇಲೆ ಗೀರುಗಳಿದ್ದವು. ಅಂದವಾಗಿ ಕಾಣಲಿ ಅಂತ ಉಜ್ಜಿ ತೆಗೆದುಬಿಟ್ಟೆ. ಯಾವುದರ ಮೇಲಿತ್ತು ಅನ್ನೋದೂ ನೆನಪಿಲ್ಲ."

ಮರಮೋರೆ ನಕ್ಕ. "ಗಂಡನನ್ನು ಕೊಲ್ಲುತ್ತೀಯೋ ಮೈದುನನನ್ನೋ? ಇಲ್ಲವೆ ಇಬ್ಬರನ್ನೂ ಇಲ್ಲೇ ಬಿಟ್ಟು ಹೋಗು."

ಬೊಮ್ಮಕ್ಕ ಎರಡು ಮರಗಳನ್ನೂ ನೋಡಿದಳು.  ಎರಡು ಕೊಡಲಿಗಳನ್ನೂ ನೋಡಿದಳು.

"ನೀನು ಗೀರು ಉಳಿಸಿದ್ದರೂ ನನಗೆ ಗೊತ್ತಾಗ್ತಿರಲಿಲ್ಲ ತಮ್ಮಾ" ಎಂದಳು ಕೊನೆಗೆ. "ಎರಡೂ ಬಾಗಿಲ ಮೂಲೆಯಲ್ಲಿ ಒರಗಿರ್ತಿದ್ದವು. ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನ ಎತ್ತಿಕೊಂಡು ಹೋಗೋರು. ಇದು ನಂದು, ಅದು ನಿಂದು ಅಂತ ಆ ಅಣ್ಣತಮ್ಮ ಒಂದು ದಿನಾನೂ ಅಂದೋರಲ್ಲ."

"ಖಂಡಿತಾನಾ ಅಕ್ಕಾ? ತಪ್ಪಿದರೆ ನೀನೂ ಮರ ಆಗ್ತೀಯ."

"ಹತ್ತು ವರ್ಷ ಆ ಮನೆ ಕಸ ಗುಡಿಸಿದೀನಿ" ಎಂದಳು ಬೊಮ್ಮಕ್ಕ. ಕೈಗೆ ಸಿಕ್ಕ ಕೊಡಲಿ ಎತ್ತಿ ಹತ್ತಿರದ ಮರಕ್ಕೆ ಹೊಡೆದಳು.

ಮರ ಬಿರಿಯಿತು. ಅವಳ ಗಂಡ ಹೊನ್ನಯ್ಯ ಹೊರಗೆ ಬಂದ. ಬೊಮ್ಮಕ್ಕ ಎರಡನೆಯ ಕೊಡಲಿ ಮುಟ್ಟಲೇ ಇಲ್ಲ. ಅದೇ ಕೊಡಲಿಯಿಂದ ಪಕ್ಕದ ಮರಕ್ಕೂ ಹೊಡೆದಳು. ಅದೂ ಬಿರಿಯಿತು. ಮೈದುನ ಚಿನ್ನಯ್ಯ ಹೊರಗೆ ಬಂದ.

"ಒಂದು ಕೊಡಲಿಗೆ ಇಬ್ಬರು ಒಡೆಯರೇ?" ಎಂದು ಮರಮೋರೆ ಎದ್ದು ನಿಂತ. ಅವನ ಮಾತಿನ ಬಲ ಮುರಿದಿತ್ತು. ಕಾಲಿನಿಂದ ತುಕ್ಕು ಏರತೊಡಗಿತು. ಮೊಣಕಾಲು, ಸೊಂಟ, ಕೊರಳು, ಕೊನೆಗೆ ಮುಖ. ಆಮೇಲೆ ಗಾಳಿ ಬೀಸಿತು. ಒಂದು ಹಿಡಿ ಕೆಂಪು ಪುಡಿ ಹಾರಿಹೋಯಿತು. ಕಬ್ಬಿಣ ತಿನ್ನುತ್ತಿದ್ದ ಕರಡಿ ಬರೀ ಕರಡಿಯಾಗಿ ಜೇನು ಹುಡುಕಿಕೊಂಡು ಹೊರಟಿತು.

ಬೊಮ್ಮಕ್ಕ ಆಗ ಕೆಳಗೆ ಕೂತಳು. ಕೂತವಳು ಬಹಳ ಹೊತ್ತು ಏಳಲಿಲ್ಲ. ಹೊನ್ನಯ್ಯ ಒಂದು ಪಕ್ಕ, ಚಿನ್ನಯ್ಯ ಒಂದು ಪಕ್ಕ ಕೂತರು. ಯಾರೂ ಅವಸರ ಮಾಡಲಿಲ್ಲ.

ಊರಿಗೆ ಬಂದ ಮೇಲೆ ರಾಣಿ ಬೊಮ್ಮಕ್ಕನನ್ನು ಅರಮನೆಗೆ ಕರೆಸಿ, ಕಾಡಿನ ಕಾವಲಿನ ಒಡೆತನ ಕೊಟ್ಟಳು. ಎಷ್ಟು ಕಡಿಯಬೇಕು, ಎಷ್ಟು ಬಿಡಬೇಕು ಎಂದು ಅಂದಿನಿಂದ ಅವಳೇ ಹೇಳುತ್ತಿದ್ದಳು.

"ನಿನಗೇನು ಬೇಕು ಮಾಳೋಜ?" ಎಂದು ಕೇಳಿದಳು ರಾಣಿ.

"ಆಯುಧಶಾಲೆಯಲ್ಲಿ ಹಳೇ ಗಂಡುಗೊಡಲಿಗಳು ಬಿದ್ದಿವೆಯಂತೆ ತಾಯಿ. ಅವನ್ನ ಕೊಡಿಸಿ."

"ಅವು ಯುದ್ಧದಲ್ಲಿ ಜನರನ್ನು ಕೊಂದ ಕೊಡಲಿಗಳು."

"ಇರಬಹುದು ತಾಯಿ. ತುಕ್ಕು ಹಿಡಿದಿದೆ."

ರಾಣಿ ಕೊಡಿಸಿದಳು. ಎರಡು ಗಾಡಿ ಆದವು. ಬೀರೋಜ ಬಾಗಿಲಲ್ಲಿ ನಿಂತು ಗಾಡಿ ನೋಡಿದ, ಮಗನ ಉಗುರಿಲ್ಲದ ಬೆರಳು ನೋಡಿದ. ಒಳಗೆ ಹೋಗಿ ಹೊಸ ಸುತ್ತಿಗೆಯೊಂದನ್ನು ಬಡಿಯಲು ತಿದಿ ಒತ್ತಿದ.

ಆ ಸಂಜೆ ಸೌದೆಗೇರಿಯ ಮೂವತ್ತಾರು ಮನೆಗಳಲ್ಲಿ ಒಣಸೌದೆಯ ಒಲೆ ಉರಿಯಿತು, ಅನ್ನ ಬೆಂದಿತು. ಉಂಡವರು ನೆಮ್ಮದಿಯಾಗಿ ಮಲಗಿದರು, ಎದ್ದವರು ಕೆಲಸಕ್ಕೆ ಹೋದರು. ಇಂಗಳಗಿರಿ ಬಹುಕಾಲ ಹಾಗೆಯೇ ಸುಖವಾಗಿತ್ತು. ಕೇಳಿದ ನಿಮ್ಮ ಮನೆಯ ಒಲೆಯೂ ಆರದಿರಲಿ.