ಕಪ್ಪಾಗದ ಹೂಜಿ

ಎಫ್ರಾಯಿನ್ ನಮ್ಮ ಅಂಗಳಕ್ಕೆ ಬಂದ ದಿನವೇ ಅಮ್ಮ ಮಾಡಿದ ಹೊಳೆಯುವ ಕಪ್ಪು ಹೂಜಿಗೆ ನೀರು ತುಂಬಿಸಿ, ಅದು ಒಸರುವುದನ್ನು ಕಂಡು ಕಕ್ಕಾಬಿಕ್ಕಿಯಾಗಿದ್ದ.

"ಹೊಳೆಯೋ ಹೂಜಿ ನೋಡೋಕೆ ಮಾತ್ರ ಮಾರಾಯ" ಎಂದು ನಾನು ನಕ್ಕಿದ್ದೆ.

ಅವನು ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲಿ. ಅಜ್ಜಿ ಮಾತ್ರ ಮೆಕ್ಸಿಕೋದ ಈ ನಮ್ಮ ಕೊಯೊತೆಪೆಕ್ ಊರಿನವಳು. ಅಲ್ಲಿ ಅವನನ್ನು ಮೆಕ್ಸಿಕೋದವನು ಅನ್ನುತ್ತಾರಂತೆ. ಇಲ್ಲಿ ನಮ್ಮವರು ಗ್ರಿಂಗೊ, ಅಂದರೆ ಅಮೆರಿಕದವನು, ಅನ್ನುತ್ತಾರೆ. "ನಾನು ಯಾವೂರೋನು ಅಂತ ನೀನಾದ್ರೂ ಹೇಳು, ನೆರೇಯ್ದಾ" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದ. ಅಜ್ಜಿಯ ಊರಿನ ಕಪ್ಪು ಹೂಜಿಯೊಂದನ್ನು ಸ್ವಂತ ಕೈಯಿಂದ ಮಾಡಲೇಬೇಕೆಂಬುದು ಅವನ ಹಟ.

ಬೆಣಚುಕಲ್ಲಿನಿಂದ ಹಸಿ ಹೂಜಿಯನ್ನು ಉಜ್ಜುತ್ತಾ ಕೂತವನ ಕಣ್ಣು ಮೆಲ್ಲಗೆ ನನ್ನ ಕಡೆ ಹೊರಳುತ್ತಿತ್ತು.

"ಏನು ನೋಡ್ತೀಯ?"

"ಹೊಳಪು ಬಂತಾ ಅಂತ."

"ಹೂಜಿ ಇರೋದು ನಿನ್ನ ಮಡಿಲಲ್ಲಿ."

ಸುಡುವ ದಿನ ನೆಲದೊಳಗಿನ ಗೂಡಿನಲ್ಲಿ ಅವನ ಹೂಜಿಯನ್ನು ಎಲ್ಲಕ್ಕಿಂತ ಮೇಲೆ, ಬಾಯಿಯ ಹತ್ತಿರ ಇಟ್ಟೆ. ಬೆಂಕಿ ಚೆನ್ನಾಗಿ ಉರಿದ ಮೇಲೆ ಆ ಬಾಯಿಗೆ ಕೆಸರು ಮೆತ್ತಬೇಕು. ಒಳಗೆ ಕೂಡಿದ ಹೊಗೆಯೇ ಮಣ್ಣನ್ನು ಕಪ್ಪು ಮಾಡುವುದು; ಗಾಳಿ ನುಗ್ಗಿದರೆ ಕೆಂಪಾಗಿ ಕೆಟ್ಟಿತು. ಹೆಗಲಿಗೆ ಹೆಗಲು ತಾಗುವಂತೆ ಕೂತು ಅವನು, "ಭಾನುವಾರಕ್ಕೆ ವಾಪಸ್ ಟಿಕೆಟ್ ಮಾಡಿಸ್ದೆ" ಅಂದ.

"ಒಳ್ಳೇದು" ಅಂದೆ. ಉಳಿದ ಕೆಸರನ್ನು ಹೇಗೆ ಮೆತ್ತಿದೆನೋ ದೇವರೇ ಬಲ್ಲ.

ಗೂಡು ಆರುವವರೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ, ತೊರ್ತಿಯಾ ರೊಟ್ಟಿ ಸೀಯಿಸಿ ಅಮ್ಮನಿಂದ ಬೈಸಿಕೊಂಡೆ. ಅವನೂ ಬೇಲಿಯ ಸುತ್ತ ಸುಮ್ಮನೆ ಅಲೆಯುತ್ತಿದ್ದ. ಎದುರಾದಾಗ ಬಿಸಿಲಿನ ಬಗ್ಗೆ ಏನೋ ಒಂದು ಮಾತಾಡಿದೆವು.

ಮರುದಿನ ಬೆಳಿಗ್ಗೆ ಗೂಡು ತೆಗೆದಾಗ ಅಮ್ಮನ ಹೂಜಿಗಳೆಲ್ಲ ಕಪ್ಪಗೆ ಮಿನುಗುತ್ತಿದ್ದವು. ಅವನದೊಂದೇ ಇಟ್ಟಿಗೆಯಂತೆ ಕೆಂಪಗಿತ್ತು.

"ಮಣ್ಣಿಗೂ ಗೊತ್ತಾಗಿದೆ ನೋಡು, ನಾನು ಇಲ್ಲಿಯೋನಲ್ಲ ಅಂತ." ನಗಲು ನೋಡಿದ, ಆಗಲಿಲ್ಲ.

ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವನು ಆ ಮಾತನ್ನೇ ನಂಬಿಕೊಂಡು ಹೋಗಿಬಿಡುತ್ತಿದ್ದ, ಮತ್ತೆಂದೂ ಬರುತ್ತಿರಲಿಲ್ಲ.

"ಮಣ್ಣಿನ ಮೇಲೆ ಹಾಕ್ಬೇಡ. ಗೂಡಿನ ಬಾಯಿ ಸರಿಯಾಗಿ ಮುಚ್ಚದೆ ಬಿಟ್ಟೋಳು ನಾನು."

ಅಮ್ಮ ತಲೆಯೆತ್ತಿದಳು. "ಚಿಕ್ಕಂದಿನಿಂದ ಮೆತ್ತೋಳು ನೀನು. ಯಾವತ್ತೂ ಹೀಗಾಗಿಲ್ವಲ್ಲೇ."

"ಯಾವತ್ತೂ ಯಾರೂ ಪಕ್ಕದಲ್ಲಿ ಕೂತು ಹೋಗ್ತೀನಿ ಅಂದಿರಲಿಲ್ಲ." ಅವನ ಕಡೆ ತಿರುಗಿದೆ. "ನೀನು ಹೋಗೋದು ನಂಗೆ ಬೇಡ. ಅಷ್ಟೇ."

ಅಮ್ಮ ಎರಡು ಹೂಜಿ ಎತ್ತಿಕೊಂಡು ಒಳಗೆ ನಡೆದಳು. ಅವನ ಕಿವಿ ಕೆಂಪಾಯಿತು.

"ಮತ್ತೆ ಒಳ್ಳೇದು ಅಂದ್ಯಲ್ಲ?"

"ಇನ್ನೇನನ್ಲಿ? ಟಿಕೆಟ್ ಮಾಡಿಸಿಬಿಟ್ಟಿದ್ದೆ ನೀನು."

"ಮಾಡಿಸಿರಲಿಲ್ಲ" ಅಂದ, ನೆಲ ನೋಡುತ್ತಾ. "ಹೋಗ್ಬೇಡ ಅಂತೀಯೇನೋ ಅಂತ ಹಾಗಂದೆ."

ಆ ಹೂಜಿಯನ್ನು ಅವನ ತಲೆಯ ಮೇಲೇ ಒಡೆಯಬೇಕೆನಿಸಿತು. ಬದಲಿಗೆ ಅವನ ಕಾಲರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ. ಒಳಗಿಂದ ಅಮ್ಮ ಕೆಮ್ಮಿದಳು. ಕೆಮ್ಮಲಿ.