ಅಜ್ಜನ ಇಪ್ಪತ್ತನಾಲ್ಕು

"ಅಜ್ಜಾ! ನನ್ನ ಪೇಜಿಗೆ ಏನು ಮಾಡಿಟ್ಟಿದ್ದೀಯ?"

"ನಾನೇನು ಮಾಡ್ದೆ? ಕುರ್ಚಿ ಬಿಟ್ಟುಕೊಟ್ಟೆ, ಅಷ್ಟೇ," ಎಂದರು ಅಜ್ಜ.

ಇಂಚುಪಟ್ಟಿ ಅಜ್ಜನ ಕಂಪ್ಯೂಟರನ್ನು ದುರುಗುಟ್ಟಿ ನೋಡಿದಳು. ಮನೆಯವರು ಅವಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನೂ ಅವಳು ಗೆರೆ ಎಳೆದಂತೆ ಜೋಡಿಸುತ್ತಾಳೆ. ಐದನೇ ಕ್ಲಾಸಿನ ವೆಬ್ ಪೇಜನ್ನೂ ಹಾಗೇ ಮಾಡಿದ್ದಳು. ಹನ್ನೆರಡು ಮಕ್ಕಳ ಬರಹಕ್ಕೆ ಹನ್ನೆರಡು ಬಾಕ್ಸು, ಎಲ್ಲವೂ ಒಂದೇ ಅಳತೆ. ಅಕ್ಷರ ಸ್ವಲ್ಪ ಸಣ್ಣದು, ನಿಜ. ಆದರೆ ಅಮ್ಮನ ಲ್ಯಾಪ್‌ಟಾಪಿನಲ್ಲಿ ಇಡೀ ಕ್ಲಾಸು ಒಂದೇ ಸ್ಕ್ರೀನಿನಲ್ಲಿ ಹಿಡಿಸಿತ್ತು. ಸೋಮವಾರ ಟೀಚರ್ ಅದನ್ನು ಎಲ್ಲರ ಅಪ್ಪ ಅಮ್ಮಂದಿರಿಗೆ ತೋರಿಸುವವರಿದ್ದರು.

ಇಲ್ಲಿ ನೋಡಿದರೆ ಅಕ್ಷರಗಳೆಲ್ಲ ಊದಿಕೊಂಡಿವೆ. ಒಂದು ಬಾಕ್ಸಿನ ಮಾತು ಇನ್ನೊಂದಕ್ಕೆ ನುಗ್ಗಿದೆ. ಒಬ್ಬಳು ಬರೆದ ಆಮೆ ಇನ್ನೊಬ್ಬ ಬರೆದ ಅಜ್ಜಿಯ ಮೇಲೆ ಹತ್ತಿ ಕೂತಿದೆ.

"ನಿನ್ನ ಕಂಪ್ಯೂಟರ್ ಸರಿ ಇಲ್ಲ ಅಜ್ಜಾ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಅಜ್ಜ ಕನ್ನಡಕ ಹುಡುಕಲು ಒಳಗೆ ಹೋದರು.

ಇಂಚುಪಟ್ಟಿ ಸೆಟ್ಟಿಂಗ್ಸ್ ತೆರೆದು ಒಂದೊಂದನ್ನೇ ಜಾಲಾಡಿದಳು. ಕೊನೆಗೆ ಕಳ್ಳ ಸಿಕ್ಕಿಬಿದ್ದ. 'ಮಿನಿಮಮ್ ಫಾಂಟ್ ಸೈಜ್: 24.' ಅಂದರೆ ಯಾರು ಎಷ್ಟೇ ಸಣ್ಣದಾಗಿ ಬರೆದಿರಲಿ, ಈ ಕಂಪ್ಯೂಟರು ಇಪ್ಪತ್ತನಾಲ್ಕಕ್ಕಿಂತ ಸಣ್ಣ ಅಕ್ಷರವನ್ನು ತೋರಿಸುವುದೇ ಇಲ್ಲ. ಕಂಪ್ಯೂಟರ್ ತಂದ ದಿನ ಅಮ್ಮ ಏನೋ ಒತ್ತಿಕೊಟ್ಟದ್ದು ಅವಳಿಗೆ ನೆನಪಿತ್ತು. ಇದೇ ಇರಬೇಕು. ಅವಳು ಇಪ್ಪತ್ತನಾಲ್ಕನ್ನು ಸೊನ್ನೆಗೆ ಎಳೆದಳು.

ಆಮೆ ತನ್ನ ಬಾಕ್ಸಿಗೆ ಹೋಯಿತು. ಎಲ್ಲವೂ ಗೆರೆ ಎಳೆದಂತೆ ನಿಂತವು.

"ಈಗ ನೋಡು ಅಜ್ಜಾ!"

ಅಜ್ಜ ಕನ್ನಡಕ ಹಾಕಿಕೊಂಡು ಬಗ್ಗಿದರು. ಇನ್ನೂ ಸ್ವಲ್ಪ ಬಗ್ಗಿದರು. "ಭೇಷ್! ಬಹಳ ಚೆನ್ನಾಗಿದೆ."

"ಯಾವುದು ಇಷ್ಟ ಆಯ್ತು?"

"ಯಾವುದಾ? ಈ ನೀಲಿ ಬಣ್ಣ."

ಇಂಚುಪಟ್ಟಿ ಕುಣಿಯುತ್ತಾ ಆಟಕ್ಕೆ ಓಡಿದಳು.

ಬೆಳಿಗ್ಗೆ ಎದ್ದ ಕೂಡಲೇ ಕಂಪ್ಯೂಟರಿನಲ್ಲಿ ನ್ಯೂಸ್ ಓದುವುದು ಅಜ್ಜನ ಅಭ್ಯಾಸ. ಅದೂ ಗಟ್ಟಿಯಾಗಿ. ಹಲ್ಲುಜ್ಜುತ್ತಿರುವವರಿಗೆ ಬೇಡ ಎನ್ನಲು ಆಗುವುದಿಲ್ಲ, ಬಾಯಲ್ಲಿ ನೊರೆ ಇರುತ್ತದೆ. ಮರುದಿನ ಭಾನುವಾರ ಮಾತ್ರ ಮನೆ ತಣ್ಣಗಿತ್ತು.

"ನ್ಯೂಸ್ ಇಲ್ವಾ ಅಜ್ಜಾ?" ಎಂದು ಇಂಚುಪಟ್ಟಿ ಬಚ್ಚಲಿನಿಂದಲೇ ಕೂಗಿದಳು.

"ಇಲ್ಲ. ಪ್ರಪಂಚಕ್ಕೆ ಇವತ್ತು ರಜಾ."

ಅವಳು ಬಾಯಿ ತೊಳೆದುಕೊಂಡು ಇಣುಕಿ ನೋಡಿದಳು. ಅಜ್ಜ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಆಗ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿಯನ್ನು ಈಗ ಮತ್ತೆ ಸಿಕ್ಕಿಸಿಕೊಂಡಿದ್ದರು. ಮೂಗು ಸ್ಕ್ರೀನಿಗೆ ತಾಗುವಂತಿತ್ತು. ಬೆರಳು ಒಂದು ಅಕ್ಷರದಿಂದ ಇನ್ನೊಂದಕ್ಕೆ ತೆವಳುತ್ತಿತ್ತು.

ಅವಳನ್ನು ಕಂಡು ಅಜ್ಜ ಕೈ ಹಿಂದೆಗೆದರು.

"ಅಮ್ಮನಿಗೆ ಹೇಳ್ಬೇಡ ಮರಿ. ಸುಮ್ನೆ ಗಾಬರಿ ಆಗ್ತಾಳೆ."

"ಏನು?"

"ಕಣ್ಣು ಹೋಗ್ತಾ ಇದೆ ಕಣಮ್ಮ. ನಿನ್ನೆ ಬೆಳಿಗ್ಗೆ ಚೆನ್ನಾಗೇ ಓದಿದ್ದೆ. ಒಂದೇ ದಿನಕ್ಕೆ ಇಷ್ಟು ಹೋಗುತ್ತೆ ಅಂದ್ಕೊಂಡಿರ್ಲಿಲ್ಲ."

ಯಾರದೋ ಗಡಿಯಾರ ನಿಂತುಹೋಗಿದೆ ಎನ್ನುವಷ್ಟು ಸಲೀಸಾಗಿ ಅಜ್ಜ ಹೇಳಿದರು.

ಇಂಚುಪಟ್ಟಿ ಸ್ಕ್ರೀನಿನ ಸಣ್ಣ ಅಕ್ಷರಗಳನ್ನು ನೋಡಿದಳು.

"ಕಣ್ಣಲ್ಲ ಅಜ್ಜಾ. ನಾನು."

"ನೀನೇನು?"

"ನಾನೇ ಅಕ್ಷರ ಸಣ್ಣ ಮಾಡಿದ್ದು. ನನ್ನ ಪೇಜ್ ನೆಟ್ಟಗೆ ಕಾಣಲಿ ಅಂತ. ಆಮೇಲೆ ಮರೆತೇಬಿಟ್ಟೆ." ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಬಂದುಬಿಟ್ಟಿತು.

ಮೂಗೊರೆಸಿಕೊಂಡು ಅವಳು ಸೊನ್ನೆಯನ್ನು ಮತ್ತೆ ಇಪ್ಪತ್ತನಾಲ್ಕು ಮಾಡಿದಳು. ಅಜ್ಜ ಭೂತಗನ್ನಡಿ ತೆಗೆದು ಮೊದಲ ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಎರಡನೆಯದನ್ನು ಇನ್ನೂ ಗಟ್ಟಿಯಾಗಿ ಓದಿದರು. ಎಲ್ಲೋ ಒಂದು ಸೇತುವೆ ಮುಚ್ಚಿದ್ದಾರೆ ಎಂಬುದನ್ನು ಅಷ್ಟು ಸಂತೋಷದಿಂದ ಯಾರೂ ಓದಿರಲಾರರು.

"ನನ್ನ ಬಯ್ಯಲ್ವಾ?"

"ಬಯ್ತೀನಿ. ತಾಳು, ಮೊದಲು ಖುಷಿಪಡೋದು ಮುಗೀಲಿ."

ತಿಂಡಿಯಾದ ಮೇಲೆ ಇಂಚುಪಟ್ಟಿ ಅಜ್ಜನ ಕಂಪ್ಯೂಟರಿನಲ್ಲೇ ಪೇಜು ತಿದ್ದಲು ಕೂತಳು. ಬಾಕ್ಸುಗಳಿಗೆ ತಾನೇ ಅಳೆದು ಕೊಟ್ಟಿದ್ದ ಎತ್ತರವನ್ನು ಒಂದೊಂದಾಗಿ ಅಳಿಸಿದಳು. ಈಗ ಬರಹ ಬೆಳೆದಷ್ಟೂ ಬಾಕ್ಸು ಬೆಳೆಯಿತು. ಆಮೆ ಅಜ್ಜಿಯ ಮೇಲಿಂದ ಇಳಿಯಿತು. ಪೇಜು ಐದು ಸ್ಕ್ರೀನಿನಷ್ಟು ಉದ್ದವಾಯಿತು, ಒಂದು ಬಾಕ್ಸು ಗಿಡ್ಡ, ಒಂದು ಉದ್ದ. ನೋಡಿ ಅವಳಿಗೆ ಸಂಕಟವೇ ಆಯಿತು.

ಅಜ್ಜ ಪಕ್ಕದಲ್ಲಿ ಕೂತು ಮೊದಲಿನಿಂದ ಓದತೊಡಗಿದರು. ಒಂಬತ್ತನೆಯದು ಇಂಚುಪಟ್ಟಿ ಬರೆದದ್ದು, ಅವಳ ತಮ್ಮ ಸೋಪು ಕಚ್ಚಿದ ಕತೆ. ಅದರ ನಡುವೆ ಅಜ್ಜ ಓದುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿನ್ನೆ ನೀಲಿ ಬಣ್ಣ ಹೊಗಳಿದಾಗ ಅವರು ಅಲ್ಲಿ ನಕ್ಕಿರಲಿಲ್ಲ.

ಇಂಚುಪಟ್ಟಿ ಮೌಸನ್ನು ಅಜ್ಜನ ಕೈಗೆ ಸರಿಸಿದಳು.

"ನಿಧಾನಕ್ಕೆ ಓದು ಅಜ್ಜಾ," ಎಂದಳು. "ಕೆಳಗೆ ಇನ್ನೂ ಇದೆ."