ಮಾಮನ ಗಿಟಾರಿನ ಸಡಿಲ ಕೀ

‘ಕಿನ್ನರಿಯ ಹೊಟ್ಟೆಗೆ ಕೋಣ ಹೊಕ್ಕಂತೆ’ ಎಂಬ ಗಾದೆ ಕೇಳಿದ್ದೀರಾ? ಕೋಣ ಕಿನ್ನರಿಯ ಮುಂದೆ ಇರಬೇಕಿತ್ತು ಅನ್ನುತ್ತೀರಾ? ಹೊಸಪೇಟೆಯ ಹೇಮಾಳ ಮನೆಯಲ್ಲಿ ಅದು ಒಳಗೇ ಹೊಕ್ಕಿತ್ತು. ಗಾದೆ ಸುಳ್ಳಾದರೂ ಕತೆ ನಿಜ.

‘ಟಿಣ್’ ಎಂದು ಏನೋ ಕೆಳಗೆ ಬಿತ್ತು. ಹೇಮಾ ಬಗ್ಗಿ ನೋಡಿದಳು, ಏನೂ ಕಾಣಲಿಲ್ಲ.

ಅವಳ ತೊಡೆಯ ಮೇಲೆ ಜಂಬುನಾಥ್ ಮಾಮನ ಬೇಸ್ ಗಿಟಾರ್ ಇತ್ತು. ಮಾಮ ಊಟ ಮಾಡಿ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ. ಸಂಜೆ ಸಂಡೂರಿನ ಮದುವೆ ಮನೆಯಲ್ಲಿ ಅವನ ಆರ್ಕೆಸ್ಟ್ರಾ. ಇನ್ನೇನು ವ್ಯಾನ್ ಬರುವ ಹೊತ್ತು.

ಹೇಮಾ ತಡವರಿಸುತ್ತ ಮಗ್ಗಿ ಹೇಳುವುದನ್ನು ಮಾಮ ನಿನ್ನೆ ಅವಳ ಗೆಳತಿ ದುರ್ಗಾಳ ಎದುರೇ ಮಿಮಿಕ್ರಿ ಮಾಡಿ ತೋರಿಸಿದ್ದ. ಅದಕ್ಕೇ ಈ ಸೇಡು. ಗಿಟಾರಿನ ತುದಿಯ ಕೀ ತಿರುಗಿಸಿ ದಪ್ಪ ತಂತಿಯನ್ನು ಸಡಿಲ ಮಾಡಬೇಕು, ಮಾಮ ಮೀಟಿದಾಗ ಗಿಟಾರ್ ಕೋಣದ ಹಾಗೆ ಕೂಗಬೇಕು. ಅಷ್ಟೇ ಪ್ಲ್ಯಾನ್.

ಈಗ ನೋಡಿದರೆ ಕೀ ಗರಗರ ತಿರುಗುತ್ತಿತ್ತು. ತಂತಿ ಪೂರ್ತಿ ಜೋತುಬಿದ್ದಿತ್ತು, ಬಿಗಿಯಹೋದರೆ ಬಿಗಿಯಾಗುತ್ತಿರಲಿಲ್ಲ. ಕೀಗೆ ಅಂಟಿಕೊಂಡಿದ್ದ ಹಲ್ಲಿನ ಚಕ್ರ ಅಲ್ಲಾಡುತ್ತಿತ್ತು. ಮುರಿದೇಬಿಟ್ಟೆನಾ?

“ಯಾಕವ್ವಾ, ಮಾರಿ ಹಂಗ ಮಾಡೀದಿ?” ಹುಲುಗಪ್ಪ ತಾತ ಬಂದ. ಭಜನೆಯಲ್ಲಿ ಏಕತಾರಿ ನುಡಿಸುವವನು.

“ಮೆಲ್ಲಗ ಮಾತಾಡು ತಾತ. ಕೀ ನಿಲ್ಲವಲ್ದು.”

“ಇಷ್ಟೇನಾ? ಸೀಮೆಸುಣ್ಣ ತಗೊಂಬಾ. ನನ್ನ ಏಕತಾರಿ ತಂತಿ ಬಿಗಿಯೋ ಬಿರಡೆ ಜಾರಿದ್ರ ಅದನ್ನ ತಿಕ್ತೀನಿ. ಕಚ್ಚಿ ಹಿಡಿತೈತಿ.”

ಇಬ್ಬರೂ ತಿಕ್ಕಿದ್ದೇ ತಿಕ್ಕಿದ್ದು. ಚಕ್ರ ಬೆಳ್ಳಗಾಯಿತು, ತಾತನ ಮೀಸೆ ಇನ್ನಷ್ಟು ಬೆಳ್ಳಗಾಯಿತು. ಕೀ ಮತ್ತೆ ಗರಗರ.

“ಇನ್ನೊಂದು ತುಂಡು ಬೇಕೇನೋ,” ಅಂದ ತಾತ.

ಹೇಮಾ ಉಳಿದ ಮೂರು ಕೀಗಳನ್ನು ನೋಡಿದಳು. “ನಿಂದು ಕಟ್ಟಿಗಿ ಬಿರಡೆ ತಾತ, ಇದು ಕಬ್ಬಿಣ. ಇಲ್ನೋಡು, ಮೂರಕ್ಕೂ ಚಕ್ರದ ನಡುವ ಸ್ಕ್ರೂ ಐತಿ. ಇದಕ್ಕಷ್ಟ ಇಲ್ಲ.”

ಟಿಣ್ ಎಂದದ್ದು ಅದೇ. ಹೇಮಾ ಮಂಚದ ಕೆಳಗೆ ತೂರಿದಳು. ಕೈಗೆ ಸ್ಕ್ರೂ ಸಿಗುವಷ್ಟರಲ್ಲಿ ಮೇಲೆ ಮಂಚ ಕಿರುಗುಟ್ಟಿತು. ಮಾಮ ಎದ್ದು ಮಂಚದಂಚಿಗೆ ಕೂತ. ಗಿಟಾರನ್ನು ಪಕ್ಕದ ಸ್ಪೀಕರಿಗೆ ಸಿಕ್ಕಿಸಿ ದಪ್ಪ ತಂತಿ ಮೀಟಿದ.

“ಬ್ವಾಂಯ್ಯ್‌ಯ್.”

ಮಾಮ ಬೆಚ್ಚಿ ಎರಡೂ ಕಾಲು ಮಂಚದ ಮೇಲೆಳೆದುಕೊಂಡ. “ಎಪ್ಪಾ, ಇದ್ಯಾವ ಕ್ವಾಣ?”

ಅಂದುಕೊಂಡಂತೆಯೇ ಆಗಿತ್ತು. ಆದರೂ ಹೇಮಾಳಿಗೆ ನಗು ಬರಲಿಲ್ಲ. ಧೂಳು ಮೆತ್ತಿದ ಮುಖ ಹೊರಗೆ ಹಾಕಿ ಅಂಗೈ ಚಾಚಿದಳು.

“ನಾನ ಸಡ್ಲ ಮಾಡೀನಿ ಮಾಮ, ಸಿಟ್ಟಿಗೆ. ಸ್ಕ್ರೂ ಬೀಳ್ತೈತಂತ ಗೊತ್ತಿರಲಿಲ್ಲ.”

ಮಾಮ ಸ್ಕ್ರೂ ತೆಗೆದುಕೊಂಡ. ಅಮ್ಮನ ಹೊಲಿಗೆ ಮಷೀನಿನ ಸಣ್ಣ ಸ್ಕ್ರೂಡ್ರೈವರ್ ತರಿಸಿದ. ಸ್ಕ್ರೂ ಕೂರಿಸಿ ಬಿಗಿದ, ಕೀ ತಿರುಗಿಸಿದ. ತಂತಿ ನಿಂತಿತು. ಏನೋ ಅನುಮಾನ ಬಂದು ಉಳಿದ ಮೂರು ಸ್ಕ್ರೂಗಳನ್ನೂ ಮುಟ್ಟಿ ನೋಡಿದ. ಎಲ್ಲವೂ ಸಡಿಲ.

“ಲೇ ಹೇಮಾ, ಇದಾ ಏನು ಕತಿ? ಭಾಳ ದಿನದಿಂದ ಶ್ರುತಿ ಜಾರ್ತಿತ್ತು. ತಂತಿ ಹಳೇವಾಗ್ಯಾವ ಅನ್ಕಂಡಿದ್ದೆ. ಪ್ರತಿ ಹಾಡು ಮುಗಿದ ಮ್ಯಾಲೆ ಟ್ಯೂನ್ ಮಾಡೋದು. ಜನ ಕೂಗಬಾರ್ದಂತ ಅಷ್ಟೊತ್ತೂ ಮಿಮಿಕ್ರಿ ಮಾಡೋದು. ಕೈ ನಡುಗ್ತಿದ್ವು ನನಗ.”

ಹೇಮಾ ಅವನ ಕೈಗಳನ್ನೇ ನೋಡಿದಳು. ಕ್ಲಾಸಿನಲ್ಲಿ ಎದ್ದು ನಿಂತಾಗ ತನ್ನವೂ ಹಾಗೇ ನಡುಗುತ್ತವೆ. ಎಲ್ಲರನ್ನೂ ನಗಿಸುವ ಮಾಮ ಒಳಗೊಳಗೇ ಹೆದರುತ್ತಿದ್ದನೇ? ಅವಳಿಗೆ ಯಾಕೋ ಸಿಟ್ಟು ಉಳಿಯಲಿಲ್ಲ.

ನಾಲ್ಕೂ ಬಿಗಿಯಾದವು. ಮಾಮ ಮೀಟಿದ. “ದುಮ್ಮ್.” ಮೂವರೂ ಕಾದರು. ಮತ್ತೆ ಮೀಟಿದ. ಅದೇ ಸ್ವರ. ಹೇಮಾ ಉಸಿರು ಬಿಟ್ಟಳು. ಬೀದಿಯಲ್ಲಿ ವ್ಯಾನ್ ಹಾರ್ನ್ ಹೊಡೆಯಿತು.

“ಇನ್ನ ಮಿಮಿಕ್ರಿ ಮಾಡಂಗಿಲ್ಲೇನು ಮಾಮ?”

“ನಡುವ ಟ್ಯೂನ್ ಮಾಡೋದ ಇಲ್ಲಂದ್ರ ಟೈಮ್ ಎಲ್ಲೈತಿ ಇನ್ನ? ನೀನ ಮಾಡು.”

ಹೇಮಾ ಮಂಚ ಹತ್ತಿ ಕುಳಿತಳು. ಇಲ್ಲದ ಗಿಟಾರನ್ನು ಮೀಟಿ “ಬ್ವಾಂಯ್ಯ್” ಅಂದಳು. ಕಣ್ಣು ದೊಡ್ಡದು ಮಾಡಿ, ಎರಡೂ ಕಾಲು ಮೇಲೆಳೆದುಕೊಂಡು, ಥೇಟ್ ಮಾಮನ ದನಿಯಲ್ಲಿ “ಎಪ್ಪಾ, ಇದ್ಯಾವ ಕ್ವಾಣ” ಅಂದಳು.

ತಾತ ನಕ್ಕ. ಅಡುಗೆಮನೆಯಿಂದ ಅಮ್ಮನೂ ನಕ್ಕಳು. ಆದರೆ ಬೀದಿಯ ವ್ಯಾನಿನವರೆಲ್ಲ ಇಣುಕಿ ನೋಡುವಷ್ಟು ಜೋರಾಗಿ ನಕ್ಕವನು ಮಾಮನೇ.